ಎರೆ ನೆಲದ ರಸ್ತೆಯ ಪ್ರಶ್ನೆಗೂ ಒಂದು ನಂಬರ್ ಕೊಡಿ

ಸರ್ಕಾರದ ದುಡ್ಡಿನಲ್ಲಿ ರಸ್ತೆ ಬಗ್ಗೆ ಸಂಶೋಧನೆ ನಡೆಯುತ್ತದೆ. ಡಾಂಬರಿಗೆ ಏನು ಬೆರೆಸಬೇಕು, ಸೇತುವೆಯ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಏನು ಮಾಡಬೇಕು, ಯಾವ ಸರ್ಕಲ್‌ನಲ್ಲಿ ಯಾಕೆ ಅಪಘಾತ ಜಾಸ್ತಿ, ಇಂಥವು. ಈ ಸಂಶೋಧನೆಗಳನ್ನೆಲ್ಲ ನಿಭಾಯಿಸುವ ಡೇಟಾಬೇಸ್‌ನಲ್ಲಿ ಏನೇನು ಇರಬೇಕು ಅಂತ, ಅದನ್ನು ಕಟ್ಟುವ ಮೊದಲೇ ಕೂತು ಬರೆಯುವುದು ನನ್ನ ಕೆಲಸ. ನನ್ನೂರು ದಾವಣಗೆರೆ. ಈಗಿರುವುದು ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿ. ಎರಡೂ ಕಡೆಯ ರೀತಿ ನೋಡಿದವನಿಗೆ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ನಮ್ಮಲ್ಲಿ ಕಾಮಗಾರಿಯ ಪ್ರತಿ ಬಿಲ್ಲಿಗೂ ನಂಬರ್ ಇದೆ. ಆ ರಸ್ತೆ ಯಾಕೆ ಕಿತ್ತುಹೋಯಿತು ಎಂಬ ಪ್ರಶ್ನೆಗೆ ನಂಬರ್ ಇಲ್ಲ.

ಅಮೆರಿಕದ ಪದ್ಧತಿ ಮೊದಲು ಹೇಳುತ್ತೇನೆ. ಹೆದ್ದಾರಿಗೆ ಕೇಂದ್ರ ಕೊಡುವ ಹಣದಲ್ಲಿ ಒಂದು ಪಾಲು ಯೋಜನೆ ಮತ್ತು ಸಂಶೋಧನೆಗೆ ಮೀಸಲು. ಆ ಪಾಲಿನಲ್ಲಿ ಕನಿಷ್ಠ ಶೇ. 25 ಭಾಗವನ್ನು ರಾಜ್ಯಗಳು ಸಂಶೋಧನೆಗೇ ಖರ್ಚು ಮಾಡಬೇಕು. ಅದಕ್ಕೆ ನಿಯಮಗಳೂ ಇವೆ. ಯಾವ ಕೆಲಸ ನಡೀತಿದೆ, ಎಲ್ಲಿಗೆ ಬಂತು, ಎಷ್ಟು ಖರ್ಚಾಯಿತು ಅಂತ ಗಮನದಲ್ಲಿಡುವ ವ್ಯವಸ್ಥೆ ಇರಬೇಕು. ನಡೆಯುತ್ತಿರುವ ಸಂಶೋಧನೆಗಳನ್ನೂ ಮುಗಿದ ವರದಿಗಳನ್ನೂ ರಾಷ್ಟ್ರೀಯ ಡೇಟಾಬೇಸ್‌ಗೆ ಸೇರಿಸಬೇಕು. ಕೊನೆಗೆ ಫಲಿತಾಂಶ ಬಳಕೆಗೆ ಬಂತಾ ಅಂತಲೂ ನೋಡಬೇಕು. ಆ ರಾಷ್ಟ್ರೀಯ ಡೇಟಾಬೇಸ್ ನಡೆಸುವುದು 1920ರಲ್ಲಿ ಶುರುವಾದ ಟ್ರಾನ್ಸ್‌ಪೋರ್ಟೇಷನ್ ರಿಸರ್ಚ್ ಬೋರ್ಡ್. ಅದರ ಟ್ರಿಡ್ ಎಂಬ ಭಂಡಾರದಲ್ಲಿ 12 ಲಕ್ಷಕ್ಕೂ ಹೆಚ್ಚು ದಾಖಲೆ ಇವೆ. ದಾವಣಗೆರೆಯಲ್ಲಿ ಕೂತವರು ಕೂಡ ದುಡ್ಡು ಕೊಡದೆ ಹುಡುಕಬಹುದು.

ನನಗೆ ಜಾಸ್ತಿ ಹಿಡಿಸಿದ್ದು ಇದಕ್ಕಿಂತ ಚಿಕ್ಕ ಸಂಸ್ಥೆ. ಮಿನೆಸೋಟದಲ್ಲಿ 1959ರಿಂದ ಸ್ಥಳೀಯ ರಸ್ತೆಗಳ ಸಂಶೋಧನಾ ಮಂಡಳಿ ಅಂತ ಒಂದಿದೆ. ಕೌಂಟಿ (ನಮ್ಮ ಜಿಲ್ಲೆಯಂಥದ್ದು), ನಗರಗಳ ಇಂಜಿನಿಯರ್‌ಗಳು ತಮ್ಮ ರಸ್ತೆಯ ತೊಂದರೆಯನ್ನು ಅದರ ಮುಂದೆ ಇಡಬಹುದು. ಇಲ್ಲಿ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ. ವಸಂತದಲ್ಲಿ ಕರಗಿದಾಗ ರಸ್ತೆಯ ಅಡಿ ಮೆತ್ತಗಾಗುತ್ತದೆ. ಆಗ ಲಾರಿಗಳ ಭಾರಕ್ಕೆ ಮಿತಿ ಹಾಕುತ್ತಾರೆ. ಆ ಮಿತಿ ಯಾವತ್ತು ಶುರುವಾಗಬೇಕು, ಯಾವತ್ತು ಮುಗಿಯಬೇಕು ಎಂಬುದು ಹಳ್ಳಿ ರಸ್ತೆ ನೋಡಿಕೊಳ್ಳುವವನ ಪ್ರಶ್ನೆ. ಇಂಥ ಪ್ರಶ್ನೆ ಬಂದ ದಿನವೇ ದಾಖಲಾಗುತ್ತದೆ. ಹಣ ಸಿಗಲಿ ಬಿಡಲಿ, ಪ್ರಶ್ನೆ ಉಳಿಯುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಕೆಂಪು ಮಣ್ಣೂ ಇದೆ, ಎರೆ ಅಂದರೆ ಕಪ್ಪು ಮಣ್ಣೂ ಇದೆ. ಎರೆ ನೆಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಹಾಕಿದ ಡಾಂಬರು ಅಲೆಯಲೆಯಾಗಿ ಏಳುತ್ತದೆ. ಕಳೆದ ಸಲ ಊರಿಗೆ ಬಂದಾಗ ಭಾವನ ಜೊತೆ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಅವರು ಜೂನಿಯರ್ ಇಂಜಿನಿಯರ್. ದಾರಿಯುದ್ದಕ್ಕೂ ಗುಂಡಿ. ನಡುವೆ ಒಂದು ತುಂಡು ಮಾತ್ರ ಚೊಕ್ಕಟವಾಗಿತ್ತು.

"ಭಾವ, ಇದೊಂದು ಹೆಂಗೆ ಉಳಿತು?"

"ಇಲ್ಲಿ ಎರೆ ತೆಗೆಸಿ ಗರಸು ತುಂಬಿಸಿದ್ವಿ ಕಣಪ್ಪ. ನೀರು ನಿಲ್ಲದಂಗೆ ಚರಂಡಿನೂ ಆಳ ತೋಡಿಸಿದ್ವಿ. ಮುಂದಿನ ತುಂಡಿಗೆ ದುಡ್ಡು ಸಾಲಲಿಲ್ಲ."

"ಎಲ್ಲಾದ್ರೂ ಬರೆದಿಟ್ಟೀರಾ?"

"ಎಂ.ಬಿ.ಯಾಗೆ ಅಳತೆ ಐತೆ. ಯಾಕೆ ಹಂಗೆ ಮಾಡಿದ್ವಿ, ಎಷ್ಟು ವರ್ಷ ತಡೀತು ಅಂತ ಬರಿಯಾಕೆ ಕಾಲಂ ಎಲ್ಲೈತೆ?"

ಎಂ.ಬಿ. ಅಂದರೆ ಕಾಮಗಾರಿಯ ಅಳತೆ ಪುಸ್ತಕ. ಅದರಲ್ಲಿ ಉದ್ದ, ಅಗಲ, ಆಳ ಇರುತ್ತದೆ. ದುಡ್ಡು ಕೊಡಲು ಅಷ್ಟು ಸಾಕು. ಅಕ್ಕಪಕ್ಕದಲ್ಲೇ ಎರಡು ತುಂಡು ರಸ್ತೆ. ಮಣ್ಣು ಒಂದೇ, ಮಳೆ ಒಂದೇ, ಓಡಾಡುವ ಟ್ರ್ಯಾಕ್ಟರ್‌ಗಳೂ ಅವೇ. ಒಂದು ಉಳಿದಿದೆ, ಒಂದು ಹಾಳಾಗಿದೆ. ಇಂಥ ಹೋಲಿಕೆಗೆ ಅಂತಲೇ ಮಿನೆಸೋಟದವರು 1994ರಲ್ಲಿ ಹೆದ್ದಾರಿ ಪಕ್ಕದಲ್ಲಿ ಎಂಎನ್‌ರೋಡ್ ಎಂಬ ಪರೀಕ್ಷಾ ರಸ್ತೆ ಶುರು ಮಾಡಿದರು. ನಮ್ಮಲ್ಲಿ ಆ ಪರೀಕ್ಷೆ ತಾನಾಗಿಯೇ ನಡೆದಿದೆ, ಫಲಿತಾಂಶ ಭಾವನ ತಲೆಯಲ್ಲಿ ಮಾತ್ರ ಇದೆ. ಅವರಿಗೆ ವರ್ಗವಾದರೆ ಅದೂ ಅವರ ಜೊತೆ ಹೋಗುತ್ತದೆ.

ನಮ್ಮಲ್ಲಿ ಸಂಶೋಧನೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 1934ರಲ್ಲಿ ರಸ್ತೆ ಇಂಜಿನಿಯರ್‌ಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. 1952ರಲ್ಲಿ ದೆಹಲಿಯಲ್ಲಿ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ ಬಂತು. ದಾವಣಗೆರೆಯಲ್ಲೇ 1951ರಿಂದ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿದೆ, ಆಮೇಲೆ ಬಿಐಇಟಿ ಬಂತು. ಚಿತ್ರದುರ್ಗದಲ್ಲಿ ಎಸ್‌ಜೆಎಂಐಟಿ ಕಾಲೇಜು ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊನೆ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ದಶಕಗಳಿಂದ ಹಣ ಕೊಡುತ್ತಾ ಬಂದಿದೆ. ಸಿವಿಲ್ ಓದಿದವರಿಗೆ ಗೊತ್ತಿರುತ್ತದೆ: ಎರೆ ಮಣ್ಣಿಗೆ ಸುಣ್ಣ ಬೆರೆಸುವುದು, ಹಾರುಬೂದಿ ಬೆರೆಸುವುದು, ಭತ್ತದ ಹೊಟ್ಟಿನ ಬೂದಿ ಬೆರೆಸುವುದು. ಭದ್ರಾ ನೀರಿನಿಂದ ಭತ್ತ ಬೆಳೆಯುವ ಊರಿನಲ್ಲಿ ಅಕ್ಕಿ ಗಿರಣಿಗಳ ಬೂದಿಗೇನು ಕೊರತೆ? ಮಣ್ಣನ್ನು ಅಚ್ಚಿಗೆ ತುಂಬಿ, ನಾಲ್ಕು ದಿನ ನೀರಿನಲ್ಲಿ ನೆನೆಸಿ, ಆಮೇಲೆ ಮಷಿನ್‌ಗೆ ಇಟ್ಟು ಸಿಬಿಆರ್, ಅಂದರೆ ಮಣ್ಣು ಎಷ್ಟು ಭಾರ ತಡೆಯುತ್ತದೆ ಎಂಬ ಅಳತೆ, ನೋಡುತ್ತಾರೆ. ಹುಡುಗರು ಬೆವರು ಸುರಿಸಿ ಮಾಡುವ ಕೆಲಸ. ವರದಿಗೆ ರಟ್ಟು ಹಾಕಿಸಿ ಲೈಬ್ರರಿಯಲ್ಲಿ ಇಡುತ್ತಾರೆ. ಮುಂದಿನ ವರ್ಷ ಪಕ್ಕದ ಕಾಲೇಜಿನ ಹುಡುಗರು ಅದೇ ಮಣ್ಣಿಗೆ ಅದೇ ಬೂದಿ ಬೆರೆಸಲು ಕೂರುತ್ತಾರೆ. ಮೊದಲಿನವರು ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದ ಶುರು ಮಾಡಲು ದಾರಿಯೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ.

ಹಾಗಾದರೆ ನಮಗೆ ಬೇಕಾದ ಡೇಟಾಬೇಸ್‌ನಲ್ಲಿ ಏನಿರಬೇಕು? ಅಮೆರಿಕದ್ದನ್ನು ತಂದು ಹಾಗೇ ಕೂರಿಸಿದರೆ ಆಗುವುದಿಲ್ಲ. ಜಾಗದ ವಿಷಯವನ್ನೇ ನೋಡಿ, ಇದರಲ್ಲಿ ನಮ್ಮ ಸೀಮೆಯಷ್ಟು ತೊಡಕು ನಾನು ಬೇರೆಲ್ಲೂ ಕಂಡಿಲ್ಲ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಹಿಂದಿನ ದಾವಣಗೆರೆ, ಹರಿಹರ, ಜಗಳೂರಿನ ಕಡತಗಳೆಲ್ಲ ಚಿತ್ರದುರ್ಗ ಜಿಲ್ಲೆಯ ಹೆಸರಿನಲ್ಲಿವೆ. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗಕ್ಕೆ ಸೇರಿದ್ದವು. ಹರಪನಹಳ್ಳಿಯ ಕತೆ ಇನ್ನೂ ಉದ್ದ. ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಹರಪನಹಳ್ಳಿ ಹತ್ತಿರ 1990ರಲ್ಲಿ ಒಂದು ಪ್ರಯೋಗದ ರಸ್ತೆ ಹಾಕಿದ್ದರು ಅಂದುಕೊಳ್ಳಿ. ಅದರ ಮೊದಲ ವರದಿ ಒಂದು ಜಿಲ್ಲೆಯಲ್ಲಿ, ಹತ್ತು ವರ್ಷದ ನಂತರದ ತಪಾಸಣೆ ಇನ್ನೊಂದರಲ್ಲಿ, ಈಗ ಹೋಗಿ ನೋಡಿದರೆ ಮತ್ತೊಂದರಲ್ಲಿ. ಜಿಲ್ಲೆಯ ಹೆಸರು ಒತ್ತಿ ಹುಡುಕಿದವನಿಗೆ ಮೂರೂ ಒಟ್ಟಿಗೆ ಸಿಗುವುದಿಲ್ಲ.

ರಸ್ತೆಗಳ ನಂಬರ್‌ದೂ ಇದೇ ಪಾಡು. ಬೆಂಗಳೂರಿನಿಂದ ಚಿತ್ರದುರ್ಗ, ದಾವಣಗೆರೆ ಮೇಲೆ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯನ್ನು ನಮ್ಮ ಜನ ಈಗಲೂ ಎನ್ಎಚ್ ಫೋರ್ ಅಂತಲೇ ಕರೆಯುತ್ತಾರೆ. 2010ರಲ್ಲಿ ಹೆದ್ದಾರಿಗಳ ನಂಬರ್ ಬದಲಾದಾಗ ಅದು 48 ಆಯಿತು. ಚಿತ್ರದುರ್ಗ ದಾಟುತ್ತಿದ್ದ ಹಳೆಯ 13 ಹರಿದು ಹಂಚಿಹೋಯಿತು. ಹೊಸಪೇಟೆ ಕಡೆಗೆ 50, ಶಿವಮೊಗ್ಗ ಕಡೆಗೆ 369. ಆದ್ದರಿಂದ ನಮ್ಮ ಪಟ್ಟಿಯ ಮೊದಲ ಸಾಲು ಹೀಗಿರಬೇಕು: ಜಾಗವನ್ನು ಅಕ್ಷಾಂಶ, ರೇಖಾಂಶದಲ್ಲಿ ಗುರುತು ಹಾಕಿ. ಜಿಲ್ಲೆ, ತಾಲ್ಲೂಕು, ರಸ್ತೆ ನಂಬರ್ ಬೇಡ ಅಂತಲ್ಲ, ಅವು ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತಲೂ ಇರಲಿ. ಹುಡುಕಾಟ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ನಡೆಯಲಿ. ಇದನ್ನು ಹೊರಗಿನ ಕಂಪನಿಯ ಹುಡುಗರು ಊಹಿಸಲಾರರು. ಹೇಳಬೇಕಾದವರು ಊರಿನವರೇ.

ವರ್ಷದ ಲೆಕ್ಕವೂ ಹಾಗೆಯೇ. ಅಮೆರಿಕದ ಕೇಂದ್ರಕ್ಕೆ ಹಣಕಾಸು ವರ್ಷ ಅಕ್ಟೋಬರ್‌ನಲ್ಲಿ ಶುರು, ಮಿನೆಸೋಟಕ್ಕೆ ಜುಲೈ, ನಮಗೆ ಏಪ್ರಿಲ್. ಕಾಲೇಜಿನ ವರ್ಷವೇ ಬೇರೆ. ಸಂಶೋಧನೆಗೆ 'ವರ್ಷ' ಅಂತ ಒಂದೇ ಖಾನೆ ಇಟ್ಟರೆ ಗೊಂದಲ ಗ್ಯಾರಂಟಿ. ಶುರುವಾದ ದಿನ, ಮುಗಿದ ದಿನ ಬರೆದುಕೊಳ್ಳಿ. ಹಣಕಾಸು ವರ್ಷ ದುಡ್ಡಿಗೆ ಮಾತ್ರ ಅಂಟಿಕೊಂಡಿರಲಿ.

ಇನ್ನು ಮುಗಿಯುವುದರ ಬಗ್ಗೆ. ಕೊನೆ ಬಿಲ್ಲು ಪಾಸಾದ ದಿನ ಒಂದು, ವರದಿ ಕೈಸೇರಿದ ದಿನ ಇನ್ನೊಂದು. ಅದರಲ್ಲಿ ಹೇಳಿದ್ದನ್ನು ಒಂದು ನಿಜವಾದ ರಸ್ತೆಯಲ್ಲಿ ಮೊದಲ ಸಲ ಮಾಡಿದ ದಿನ ಮೂರನೆಯದು. ಮೂರಕ್ಕೂ ಬೇರೆ ಬೇರೆ ಖಾನೆ ಬೇಕು. ಮೂರನೆಯದು ಖಾಲಿ ಇದ್ದರೆ ಅದು ಎಲ್ಲರ ಕಣ್ಣಿಗೂ ಬೀಳಬೇಕು. ಹಾಗೆಯೇ, ಫಲಿಸದ ಪ್ರಯೋಗಕ್ಕೂ ಜಾಗ ಕೊಡಿ. ಇಷ್ಟು ಬೂದಿ ಹಾಕಿದೆವು, ಎರಡನೇ ಮಳೆಗಾಲಕ್ಕೆ ಎದ್ದುಹೋಯಿತು ಅಂತ ಒಬ್ಬರು ಪ್ರಾಮಾಣಿಕವಾಗಿ ಬರೆದಿಟ್ಟರೆ ಮುಂದಿನವರ ದುಡ್ಡೂ ಉಳಿಯುತ್ತದೆ, ಶ್ರಮವೂ ಉಳಿಯುತ್ತದೆ. ಹಾಗೆ ಬರೆದವರಿಗೆ ನೋಟಿಸ್ ಬರಬಾರದು. ಸಾಫ್ಟ್‌ವೇರ್ ಇದನ್ನು ಮಾಡಿಕೊಡುವುದಿಲ್ಲ, ಮೇಲಿನವರು ಆದೇಶದಲ್ಲೇ ಹೇಳಬೇಕು.

ಅಮೆರಿಕದಲ್ಲಿ ಎಲ್ಲವೂ ಸರಿ ಇದೆ ಅಂತ ತಿಳಿಯಬೇಡಿ. ಮಿನೆಸೋಟ ಅಲ್ಲದ ಒಂದು ರಾಜ್ಯದ ಕಚೇರಿಯಲ್ಲಿ ಎಲ್ಲ ಸಂಶೋಧನೆಗಳ ಲೆಕ್ಕ ಒಂದೇ ಎಕ್ಸೆಲ್ ಹಾಳೆಯಲ್ಲಿತ್ತು. ಕೆಲವು ಸಾಲು ಹಳದಿ, ಕೆಲವು ತಿಳಿ ನೀಲಿ. ಹಳದಿ ಅಂದರೆ ವಿಶ್ವವಿದ್ಯಾಲಯದ ಉತ್ತರಕ್ಕೆ ಕಾಯುತ್ತಿದ್ದೇವೆ, ನೀಲಿ ಅಂದರೆ ಅವಧಿ ವಿಸ್ತರಣೆ ಕೇಳಿದ್ದಾರೆ. ಅದು ಗೊತ್ತಿದ್ದದ್ದು ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಹೆಂಗಸಿಗೆ ಮಾತ್ರ. ಹೊಸ ಡೇಟಾಬೇಸ್‌ಗೆ ಪಟ್ಟಿ ಬರೆದವರು ಕಾಲಂಗಳ ತಲೆಬರಹವನ್ನಷ್ಟೇ ನಕಲು ಮಾಡಿಕೊಂಡಿದ್ದರು. ಬಣ್ಣದ ಬಗ್ಗೆ ಯಾರೂ ಕೇಳಿರಲಿಲ್ಲ. ಇನ್ನೂ ಕೆಲವು ಕಡೆ ಬೇರೆ ರಾಜ್ಯದ ಪಟ್ಟಿಯನ್ನೇ ಎತ್ತಿ ತಂದು ಖಾನೆಗಳನ್ನು ತುಂಬಿಸಿರುತ್ತಾರೆ. ಸಿಬ್ಬಂದಿ ಅರ್ಧಕ್ಕರ್ಧ ಖಾನೆಗೆ 'ಅನ್ವಯಿಸುವುದಿಲ್ಲ' ಅಂತ ಒತ್ತಿ ಮುಂದೆ ಹೋಗುತ್ತಾರೆ. ಕೇಳಿಸಿಕೊಳ್ಳದೆ ಬರೆದ ಪಟ್ಟಿ ಯಾವ ದೇಶದಲ್ಲೂ ಕೆಲಸಕ್ಕೆ ಬರುವುದಿಲ್ಲ.

ಜನರ ಕೈಗೆ ಲೆಕ್ಕ ಕೊಡುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ, ಈ ಮಾತನ್ನು ನಾನು ಇಲ್ಲಿನ ಸಭೆಗಳಲ್ಲೂ ಹೆಮ್ಮೆಯಿಂದ ಹೇಳುತ್ತೇನೆ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ತಂದರು. ಅದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಖಾತೆ ಬದಲಾವಣೆಯ ನಿಯಮ: ಮೊದಲು ಬಂದ ಅರ್ಜಿ ಮೊದಲು. ನಡುವೆ ಯಾರನ್ನೂ ತೂರಿಸುವಂತಿಲ್ಲ. ಅದು ತಂತ್ರಜ್ಞಾನಕ್ಕಿಂತ ಮೊದಲು ಒಳ್ಳೆಯ ರಿಕ್ವೈರ್‌ಮೆಂಟ್, ಅಂದರೆ ವ್ಯವಸ್ಥೆ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟ ಮಾತು. ರೈತನ ತೊಂದರೆ ಏನು ಅಂತ ತಿಳಿದವರು ಬರೆದದ್ದು. 2012ರಲ್ಲಿ ಸಕಾಲ ಬಂತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ನಂಬರ್, ಇಂತಿಷ್ಟು ದಿನದಲ್ಲಿ ಕೆಲಸ, ನಡುವೆ ಎಲ್ಲಿಗೆ ಬಂತು ಅಂತ ನೋಡಿಕೊಳ್ಳುವ ಹಕ್ಕು.

ನಾನು ಕೇಳುವುದೂ ಅಷ್ಟೇ. ಜಾತಿ ಪ್ರಮಾಣಪತ್ರದ ಅರ್ಜಿಗೆ ನಂಬರ್ ಕೊಡಲು ಬರುವ ರಾಜ್ಯಕ್ಕೆ, ಒಬ್ಬ ಜೂನಿಯರ್ ಇಂಜಿನಿಯರ್ ಕೇಳುವ 'ಈ ತುಂಡು ಯಾಕೆ ಉಳಿಯಿತು' ಎಂಬ ಪ್ರಶ್ನೆಗೂ ನಂಬರ್ ಕೊಡಲು ಬರುತ್ತದೆ. ಆ ನಂಬರ್ ಹಿಡಿದು ಕಾಲೇಜಿನ ಹುಡುಗಿಯೊಬ್ಬಳು ಅದನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಲಿ. ಅವಳ ವರದಿ ಅದೇ ನಂಬರ್‌ಗೆ ಸೇರಲಿ. ಐದು ವರ್ಷದ ನಂತರ ರಸ್ತೆ ನೋಡಿ ಬಂದವರ ಫೋಟೋ ಕೂಡ ಅಲ್ಲಿಗೇ ಸೇರಲಿ.

ಶುರುವಿಗೆ ಟೆಂಡರ್ ಬೇಕಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೇ ಜಿಲ್ಲೆ ಸಾಕು. ಉಪವಿಭಾಗಗಳ ಇಂಜಿನಿಯರ್‌ಗಳು, ಕಾಲೇಜಿನ ಮೇಷ್ಟ್ರುಗಳು, ಲೈಬ್ರರಿ ನೋಡಿಕೊಳ್ಳುವವರು, ಬಿಲ್ಲು ಬರೆಯುವ ಗುಮಾಸ್ತರು, ಹಳೆಯ ಗುತ್ತಿಗೆದಾರರು ಒಂದೆರಡು ದಿನ ಒಟ್ಟಿಗೆ ಕೂರಲಿ. ಮೊದಲ ದಿನ ಯಾರೂ ಕಂಪ್ಯೂಟರ್ ತೆಗೆಯುವುದು ಬೇಡ. ತಮಗೆ ಗೊತ್ತಿರುವ ಉಳಿದ ರಸ್ತೆ, ಹಾಳಾದ ರಸ್ತೆ, ಎರಡನ್ನೂ ಹೇಳಲಿ. ಪಟ್ಟಿ ಬರೆಯುವ ಕೆಲಸ ನಾನು ಮಾಡುತ್ತೇನೆ, ನನ್ನ ಖರ್ಚಿನಲ್ಲೇ ಬರುತ್ತೇನೆ.