ಅಂಬಿಗಿತ್ತಿಯ ತೋಳನ್ನು ಸಣ್ಣ ಮಾಡಬೇಡಿ

ಕಳೆದ ಭಾನುವಾರ ಕುವೆಂಪುನಗರದ ಗೆಳೆಯನ ಮನೆಯಲ್ಲಿ ನಮ್ಮ ಆಟದ ಬಳಗ ಸೇರಿದ್ದಾಗ ಕೇಳಿದ ಒಂದು ಮಾತು ನನ್ನನ್ನು ಇನ್ನೂ ಕೆಣಕುತ್ತಿದೆ. ಚಿತ್ರಕಲೆ ಓದುತ್ತಿರುವ ನಮ್ಮ ಬಳಗದ ಹುಡುಗಿಯೊಬ್ಬಳು, ನಾವೇ ಕಟ್ಟುತ್ತಿರುವ ಕಾವೇರಿ ತೀರದ ಫ್ಯಾಂಟಸಿ ಆಟಕ್ಕಾಗಿ ಪಾತ್ರಗಳ ಚಿತ್ರ ಬರೆದು ತಂದಿದ್ದಳು. ಅವುಗಳಲ್ಲೊಂದು ಕತ್ತಿ ಹಿಡಿದು ಫೈಟರ್, ಅಂದರೆ ಕಾದಾಡುವ ಪಾತ್ರ, ಆದ ಅಂಬಿಗಿತ್ತಿಯದು. ನಲವತ್ತು ದಾಟಿದ ವಯಸ್ಸು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ ಸೀರೆ, ಹರಿಗೋಲಿಗೆ ಹುಟ್ಟು ಹಾಕಿ ಹಾಕಿ ದಪ್ಪವಾದ ಮುಂದೋಳು, ಬಿಸಿಲಿಗೆ ಕಂದಿದ ಮುಖ, ಹೆಗಲಿನಲ್ಲಿ ಹಗ್ಗದ ಸುರುಳಿ. ನಾನು ಮೆಚ್ಚಿ ನೋಡುತ್ತಿರುವಾಗಲೇ ಗೆಳೆಯರೊಬ್ಬರು, "ಚೆನ್ನಾಗಿದೆ ಕಣಮ್ಮ, ಆದರೆ ಇವಳು ಹೀರೋಯಿನ್ ಥರ ಕಾಣೋದಿಲ್ಲ. ವಯಸ್ಸು ಕಮ್ಮಿ ಮಾಡು, ತೋಳು ಸಣ್ಣ ಮಾಡು, ಹಿಂದೆ ಸ್ವಲ್ಪ ಗ್ಲೋ ಕೊಡು" ಎಂದರು. ಉಳಿದವರು ತಲೆಯಾಡಿಸಿದರು. ಆ ಹುಡುಗಿ ಮರುಮಾತಾಡದೆ ಹಾಳೆಯನ್ನು ಮಡಚಿಟ್ಟುಕೊಂಡಳು.

ನನಗೆ ಕೋಪ ಬಂದದ್ದನ್ನು ಅಲ್ಲಿದ್ದವರೆಲ್ಲ ನೋಡಿದ್ದಾರೆ. ಅದರ ಕಾರಣವನ್ನು ಇಲ್ಲಿ ಸಮಾಧಾನದಿಂದ ಬರೆಯುತ್ತೇನೆ.

ರೋಲ್‌ಪ್ಲೇಯಿಂಗ್ ಆಟದಲ್ಲಿ, ಅಂದರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕತೆಯನ್ನು ಮುಂದುವರಿಸುವ ನಮ್ಮಂಥ ಆಟದಲ್ಲಿ, ಚಿತ್ರಕ್ಕೆ ಒಂದು ಕೆಲಸವಿದೆ. ಕಾದಂಬರಿಯ ಪಾತ್ರ ಮುಂದೇನು ಮಾಡಬೇಕೆಂಬುದನ್ನು ಲೇಖಕ ನಿರ್ಧರಿಸಿರುತ್ತಾನೆ. ನಮ್ಮ ಆಟದಲ್ಲಿ ಅದನ್ನು ಆಡುವವರು ನಿರ್ಧರಿಸಬೇಕು, ಮತ್ತು ಹಾಗೆ ನಿರ್ಧರಿಸುವಾಗ ಅವರ ಕಣ್ಣು ಪಾತ್ರದ ಬಲಾಬಲಗಳನ್ನು ಬರೆದಿಟ್ಟ ಕ್ಯಾರೆಕ್ಟರ್ ಶೀಟಿನ ಅಂಕಿಗಳಷ್ಟೇ ಆ ಚಿತ್ರದ ಮೇಲೂ ಇರುತ್ತದೆ. ಹೆಗಲಿನಲ್ಲಿ ಹಗ್ಗ ಕಂಡರೆ, "ಈ ಹಗ್ಗವನ್ನು ಆಚೆ ದಡದ ಮರಕ್ಕೆ ಎಸೆಯಬಹುದೇ?" ಎಂದು ಆಟ ನಡೆಸುವ ಡಂಜನ್ ಮಾಸ್ಟರನ್ನು ಕೇಳುವ ಯೋಚನೆ ಹುಟ್ಟುತ್ತದೆ. ಹೊಳೆಯುವ ಚರ್ಮ, ಹಾರಾಡುವ ಕೂದಲು, ಎತ್ತಿ ಹಿಡಿದ ಕತ್ತಿ ಇಷ್ಟೇ ಇದ್ದರೆ ಯಾವ ಯೋಚನೆಯೂ ಹುಟ್ಟುವುದಿಲ್ಲ. ಆಡುವವರು ಕತ್ತಿ ಬೀಸುತ್ತಲೇ ಸಂಜೆ ಕಳೆಯುತ್ತಾರೆ. ಈ ಮಾಸ್ಟರ್ ಕುರ್ಚಿಯಲ್ಲಿ ಕುಳಿತು ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇಂಥ ಆಟಗಳಲ್ಲಿ ಹೆಸರಾದ ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಹೊರಬಂದಾಗ ಅದರ ಪುಟ್ಟ ಪುಸ್ತಕಗಳಲ್ಲಿದ್ದ ರೇಖಾಚಿತ್ರಗಳು ಹವ್ಯಾಸಿಗಳ ಕೈಕೆಲಸದಂತಿದ್ದವು. ಆದರೆ 1978ರಲ್ಲಿ ಬಂದ ಅದರ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್‌ಗೆ ಡೇವಿಡ್ ಟ್ರಾಂಪಿಯರ್ ಬರೆದ ಮುಖಪುಟವನ್ನು ನೋಡಿ. ದೊಡ್ಡದೊಂದು ರಾಕ್ಷಸ ವಿಗ್ರಹ. ಅದರ ಮೇಲೆ ಹತ್ತಿದ ಇಬ್ಬರು ಕಳ್ಳರು ಕಣ್ಣಿನ ರತ್ನವನ್ನು ಮೀಟಿ ತೆಗೆಯುತ್ತಿದ್ದಾರೆ. ಕೆಳಗೆ ಒಬ್ಬ ಕತ್ತಿ ಒರೆಸುತ್ತಿದ್ದಾನೆ, ಸತ್ತ ಹಲ್ಲಿಮಾನವರ ಹೆಣಗಳನ್ನು ಎಳೆದು ಸಾಗಿಸಲಾಗುತ್ತಿದೆ, ಕೆಲವರು ನಕ್ಷೆ ಹಿಡಿದು ಮಾತಾಡುತ್ತಿದ್ದಾರೆ. ಕಾಳಗ ಮುಗಿದಿದೆ, ಎಲ್ಲರೂ ಕೆಲಸದಲ್ಲಿದ್ದಾರೆ, ಯಾರೊಬ್ಬರೂ ನಮ್ಮ ಕಡೆ ತಿರುಗಿ ಭಂಗಿ ಕೊಟ್ಟು ನಿಂತಿಲ್ಲ. ಈ ಆಟದಲ್ಲಿ ಏನೇನು ಮಾಡಬಹುದೆಂಬುದನ್ನು ಒಳಗಿನ ನಿಯಮಗಳನ್ನು ಓದುವ ಮೊದಲೇ ಆ ಚಿತ್ರ ಕಲಿಸಿಬಿಡುತ್ತದೆ. ಅದೇ ಆಟದ 1983ರ ಕೆಂಪು ಪೆಟ್ಟಿಗೆಯ ಮೇಲೆ ಲ್ಯಾರಿ ಎಲ್ಮೋರ್ ಬರೆದ, ಡ್ರಾಗನ್ನಿಗೆ ಎದುರಾಗಿ ಕತ್ತಿ ಎತ್ತಿದ ಒಂಟಿ ವೀರನ ಚಿತ್ರ ಇದಕ್ಕಿಂತ ಬಹಳ ಹೆಚ್ಚು ಜನಪ್ರಿಯ. ಎಲ್ಮೋರ್ ಅವರ ಕುಂಚದ ಬಗ್ಗೆ ನನಗೆ ಗೌರವವಿದೆ. ಆದರೆ ಮುಂದೆ ಎಷ್ಟೋ ಚಿತ್ರಕಾರರು ಅನುಕರಿಸಿದ್ದು ಆ ವೀರನ ಭಂಗಿಯನ್ನು. ವಿಗ್ರಹದ ಕೆಳಗೆ ದುಡಿಯುತ್ತಿದ್ದವರು ಮರೆಯಾದರು.

ಶೈಲಿಯ ಮೇಲೆ ನನಗೆ ಜಗಳವಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಭಾನುವಾರ ನನ್ನ ಮಾತನ್ನು ಹಾಗೆಯೇ ತಿಳಿದವರಿದ್ದಾರೆ. ಆಟಕ್ಕಾಗಿ ಚಿತ್ರ ಬರೆಯುವುದು ಮೈಸೂರಿಗೆ ಹೊಸದೇನೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಸ್ಪೀಟಿನಂಥ ಎಲೆಯಾಟವಾದ ಗಂಜೀಫಾದಲ್ಲಿ ಹೊಸ ಹೊಸ ಆಟಗಳನ್ನೇ ರೂಪಿಸಿದರು, ಅವು ಅವರ ಗ್ರಂಥ ಶ್ರೀತತ್ತ್ವನಿಧಿಯಲ್ಲಿ ಸೇರಿವೆ. ದಶಾವತಾರ ಗಂಜೀಫಾದಲ್ಲಿ 120 ಎಲೆಗಳು. ಹತ್ತು ಅವತಾರಗಳಿಗೆ ತಲಾ ಹನ್ನೆರಡು, ಅದರಲ್ಲಿ ರಾಜ, ಮಂತ್ರಿ, ಮಿಕ್ಕವು ಒಂದರಿಂದ ಹತ್ತರವರೆಗಿನ ಅಂಕೆಯ ಎಲೆಗಳು. ಅಲ್ಲಿನ ಮುಖಗಳಲ್ಲಿ ವಾಸ್ತವತೆ ಹುಡುಕಬೇಕಾಗಿಲ್ಲ, ಕಣ್ಣು ಮೂಗುಗಳೆಲ್ಲ ಸಂಪ್ರದಾಯದ ಅಚ್ಚಿನಲ್ಲೇ ಇರುತ್ತವೆ. ಆದರೂ ಅಂಗೈಯಗಲದ ಎಲೆಯನ್ನು ಕೈಗೆತ್ತಿಕೊಂಡ ಕೂಡಲೇ ಕೊಡಲಿಯಿಂದ ಪರಶುರಾಮ, ಮೀನಿನಿಂದ ಮತ್ಸ್ಯ ಎಂದು ಗೊತ್ತಾಗಲೇಬೇಕು. ಗೊತ್ತಾಗದಿದ್ದರೆ ಆಟ ನಡೆಯುವುದಿಲ್ಲ. ಅಂದರೆ ಎಷ್ಟು ಬೇಕಾದರೂ ಶೈಲೀಕರಿಸಿ. ಅವನು ಯಾರು, ಏನು ಮಾಡುವವನು ಎಂಬುದನ್ನು ಮಾತ್ರ ಅಳಿಸಬೇಡಿ. ಚಂದಮಾಮದಲ್ಲಿ ಶಂಕರ್ ಬರೆದ ವಿಕ್ರಮನನ್ನು ನೆನೆಯಿರಿ: ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಮುಂದಕ್ಕೆ ಇಟ್ಟ ಹೆಜ್ಜೆ. ಆ ರಾಜನ ಮೈಕಟ್ಟು ಹೇಗಿತ್ತೆಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ, ಅವನು ಹೊತ್ತ ಭಾರ ಎಲ್ಲರಿಗೂ ನೆನಪಿದೆ.

"ಡ್ರಾಗನ್ ಇರುವ ಲೋಕದಲ್ಲಿ ವಾಸ್ತವತೆ ಏಕೆ ಬೇಕು, ಇದು ಫ್ಯಾಂಟಸಿ ತಾನೇ?" ಎಂಬ ಪ್ರಶ್ನೆ ಅಂದೂ ಬಂತು, ಯಾವಾಗಲೂ ಬರುತ್ತದೆ. ಇದು ಉತ್ತರಿಸಲು ಕಷ್ಟವಾದ ಪ್ರಶ್ನೆಯೇನಲ್ಲ. ಡ್ರಾಗನ್ ಇರುವ ಲೋಕದಲ್ಲಿ ಮನುಷ್ಯರು ಹೇಗೆ ಬದುಕುತ್ತಾರೆಂಬುದನ್ನು ಇನ್ನೂ ಹೆಚ್ಚು ಎಚ್ಚರದಿಂದ ಊಹಿಸಬೇಕು, ಏಕೆಂದರೆ ನೋಡುವವರಿಗೆ ಕಾಲೂರಲು ಇರುವ ನೆಲ ಅದೊಂದೇ. 1991ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕಾಗಿ ಬಂದ ಡಾರ್ಕ್ ಸನ್ ಸಂಪೂರ್ಣ ಕಾಲ್ಪನಿಕ ಮರುಭೂಮಿಯ ಲೋಕ. ಅಲ್ಲಿ ಲೋಹ ಅಪರೂಪ, ಆಯುಧಗಳನ್ನು ಮೂಳೆಯಿಂದ, ಕಲ್ಲಿನಿಂದ ಮಾಡಿಕೊಳ್ಳುತ್ತಾರೆ. ಚಿತ್ರಕಾರ ಬ್ರಾಮ್ ಬರೆದ ಚಿತ್ರಗಳಲ್ಲಿ ಆ ಕೊರತೆ ಜನರ ಮೈಮೇಲೆಯೇ ಕಾಣುತ್ತದೆ. ಬ್ರಾಮ್ ಬರೆದ ಹೆಂಗಸರ ಉಡುಪಿನ ಬಗ್ಗೆ ನನಗೆ ತಕರಾರಿದೆ, ಆದರೆ ಆ ಲೋಕ ನಿಜವೆನಿಸುವುದು ಆ ಕೊರತೆಯಿಂದಲೇ.

ಹೆಂಗಸರ ಉಡುಪಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಎದೆಗವಚವನ್ನು ಎರಡು ಉಬ್ಬುಗಳಾಗಿ ಬಡಿದು ಮಾಡಿದರೆ, ಪಕ್ಕಕ್ಕೆ ಜಾರಿ ಹೋಗಬೇಕಾದ ಏಟು ಎದೆಯ ನಡುಮೂಳೆಯ ಕಡೆಗೇ ತಿರುಗುತ್ತದೆ. ಜೀವ ಉಳಿಸಬೇಕಾದ ವಸ್ತು ಜೀವ ತೆಗೆಯುವಂತೆ ಬರೆಯುವವರು, ಆ ಹೆಂಗಸು ನಿಜವಾಗಿ ಕಾದಾಡುತ್ತಾಳೆಂದು ನಂಬಿಲ್ಲವೆಂದೇ ಅರ್ಥ. ನಂಬಿಕೆ ಇಲ್ಲದೆ ಬರೆದ ಚಿತ್ರದಿಂದ ನಮ್ಮ ಆಟದ ಹುಡುಗಿಯರು ಯಾರಾಗಬೇಕು? 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಮನುಷ್ಯ ಕುಲದ ಪ್ರತಿನಿಧಿಯಾಗಿ ಕಪ್ಪು ಮೈಬಣ್ಣದ ಹೆಂಗಸೊಬ್ಬಳನ್ನು ಮುಂದಿಟ್ಟಾಗ ನನಗಾದ ಸಂತೋಷ ದೊಡ್ಡದು. ಅದೇ ಪುಸ್ತಕದ ಕುಳ್ಳ ಜನರಾದ ಹಾಫ್‌ಲಿಂಗ್‌ಗಳಿಗೆ ದೊಡ್ಡ ತಲೆ, ತೀರಾ ಪುಟ್ಟ ಪಾದ ಕೊಟ್ಟದ್ದಕ್ಕೆ ಅನೇಕರು ಬೇಸರಪಟ್ಟರು. ಅವರ ಬೇಸರ ನ್ಯಾಯವಾದದ್ದು: ಊರೂರು ಅಲೆಯುವ ಸಾಹಸಿಯ ಪಾದ ಅವನನ್ನು ಹೊರುವಂತಿರಬೇಕು.

ಹೊಳಪಿನ ಚಿತ್ರವೇ ಮಾರಾಟವಾಗುತ್ತದೆ ಎನ್ನುವವರೂ ಇದ್ದಾರೆ. ನಾವು ಮಾರುತ್ತಿಲ್ಲ.

ತಪ್ಪು ಚಿತ್ರಕಾರರದು ಮಾತ್ರವಲ್ಲ. ಇಂಥ ಪುಸ್ತಕಗಳಿಗೆ ಚಿತ್ರ ಬರೆಯಿಸುವಾಗ ಯಾರು, ಎಲ್ಲಿ, ಯಾವ ಭಾವ ಎಂಬ ವಿವರಣೆಯನ್ನು ಮೊದಲು ಬರೆದು ಕಲಾವಿದರಿಗೆ ಕೊಡುತ್ತಾರೆ, ಕೊಟ್ಟದ್ದನ್ನು ಅವರು ಬರೆಯುತ್ತಾರೆ. "ಸುಂದರ ಯೋಧೆ, ರೋಮಾಂಚಕ ಭಂಗಿ" ಎಂದು ಬರೆದುಕೊಟ್ಟವರಿಗೆ ಅದೇ ಸಿಗುತ್ತದೆ. ಹಾಗಾಗಿ ನಮ್ಮ ಬಳಗಕ್ಕಾಗಲಿ, ಕನ್ನಡದಲ್ಲಿ ಇಂಥ ಆಟ ಕಟ್ಟಲು ಹೊರಟ ಬೇರೆಯವರಿಗಾಗಲಿ ನನ್ನ ಕೋರಿಕೆ ಇಷ್ಟೇ: ಪಾತ್ರದ ರೂಪವನ್ನು ವಿವರಿಸುವ ಮೊದಲು ಅದರ ದಿನವನ್ನು ವಿವರಿಸಿ. ನಮ್ಮ ಮುಂದಿನ ಪಾತ್ರ ಗರಡಿಮನೆಯಲ್ಲಿ ಬೆಳೆದ ಕ್ಲೆರಿಕ್, ಅಂದರೆ ದೈವಬಲದಿಂದ ಗಾಯ ವಾಸಿಮಾಡುವ ಪಾತ್ರ. ಅದಕ್ಕೆ ನಾನು ಬರೆದಿಟ್ಟಿರುವುದು ಹೀಗಿದೆ: "ಐವತ್ತೈದರ ಪೈಲ್ವಾನ್, ಈಗ ಕುಸ್ತಿ ಆಡುವುದಿಲ್ಲ, ಬಿದ್ದವರ ಮೂಳೆ ಕೂಡಿಸುತ್ತಾನೆ. ಕಿವಿ ಜಜ್ಜಿ ಮುದುಡಿದೆ, ಹೊಟ್ಟೆ ಬಂದಿದೆ, ಬಲ ಮಂಡಿ ಸರಿಯಿಲ್ಲದ್ದರಿಂದ ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾನೆ. ಮೊಣಕೈವರೆಗೆ ಅಖಾಡದ ಕೆಮ್ಮಣ್ಣು. ಒಂದು ಕೈಯಲ್ಲಿ ಎಣ್ಣೆಯ ಗಿಂಡಿ, ಇನ್ನೊಂದು ಕೈ ಎದುರಿನ ಹುಡುಗನ ಭುಜವನ್ನು ಹಿಡಿದು ನೋವು ಎಲ್ಲಿದೆಯೆಂದು ಹುಡುಕುತ್ತಿದೆ. ನಮ್ಮ ಕಡೆ ನೋಡುತ್ತಿಲ್ಲ."