ಕ್ಯಾಮೆರಾ ಒಂದಾ ಸಾಲಂಗಿಲ್ರಿ

ಪುಣೆ ನವಲೆ ಬ್ರಿಡ್ಜ್ ಹತ್ರ ಇನ್ನಷ್ಟು ಸ್ಪೀಡ್ ಕ್ಯಾಮೆರಾ ಹಾಕಿದ್ರ ಅಪಘಾತ ಕಡಿಮಿ ಆಗ್ತಾವ ಅಂತ ಬರದೀರಿ, ಹಾಕ್ಲಿ, ನಾ ಬ್ಯಾಡ ಅನ್ನಂಗಿಲ್ಲ, ಆದ್ರ ಅಲ್ಲಿ ಖರೇ ತೊಂದ್ರಿ ಇರೂದು ಇಳಿಜಾರದಾಗ. ಸಾತಾರಾ ಕಡಿಂದ ಬರೂ ಲಾರಿ ಕಾತ್ರಜ್ ಹೊಸ ಸುರಂಗ ದಾಟಿದ್ ಕೂಡ್ಲೆ ಬ್ರಿಡ್ಜ್ ತನಕ ಉದ್ದಕ ಇಳಿಜಾರ, ಡೀಸೆಲ್ ಉಳಿಸಾಕಂತ ಗೇರ್ ತಗದು ನ್ಯೂಟ್ರಲ್ ಮಾಡ್ತಾರ, ಎಂಜಿನ್ ಹಿಡಿತ ಇರಂಗಿಲ್ಲ, ಬರೇ ಬ್ರೇಕ್ ಮ್ಯಾಲೆ ಇಳದು ಇಳದು ಬ್ರೇಕ್ ಡ್ರಮ್ ಕಾದು ಕಡೀಕ ಬ್ರೇಕ ಹಿಡಿಯಂಗಿಲ್ಲ. 2022ರ ನವೆಂಬರ್‌ದಾಗ ಅಲ್ಲೇ ಒಂದ ಲಾರಿ ಎಷ್ಟ ಗಾಡಿಗೆ ಗುದ್ದಿತ್ತು ನೆನಪೈತಲ್ರಿ?

ಹೋದ ತಿಂಗಳ ಚಿಕ್ಕೋಡಿಯಿಂದ ನಮ್ಮ ಕಾಕಾರ ಬೆಲ್ಲದ ಲಾರ್ಯಾಗ ಕೂತು ಬಂದ್ನಿ. ಗೇರ್‌ನ್ಯಾಗ ಇಳೀರಿ ಅನ್ನೂ ಬೋರ್ಡ್ ಇತ್ತು, ಅರ್ಧಾ ಟೊಂಗಿ ಮುಚ್ಚಿತ್ತು, ಉಳದದ್ದು ಮರಾಠಿ ಇಂಗ್ಲಿಷ್‌ದಾಗ, ಕಾಕಾರಿಗೆ ಎರಡೂ ಓದಾಕ ಬರಂಗಿಲ್ಲ. ನಾ ಓದಿ ಹೇಳಿದ ಮ್ಯಾಲೆ ಸೆಕೆಂಡ್ ಗೇರ್ ಹಾಕಿದ್ರು, ಅಷ್ಟೊತ್ತಿಗೆ ಕ್ಯಾಬಿನ್ ತುಂಬ ಬ್ರೇಕ್ ಸುಟ್ಟ ವಾಸನಿ.

ಒಂದ ಕಂಬದ ಕ್ಯಾಮೆರಾ ಇದ್ರ ಅದರ ಮುಂದ ಅಷ್ಟ ಬ್ರೇಕ್ ಒತ್ತಿ ಮತ್ತ ಓಡಿಸ್ತಾರ್ರಿ, ತಾಸಿಗೆ 80 ಕಿ.ಮೀ. ಸ್ಪೀಡ್‌ನ್ಯಾಗ ಇದ್ರ ಸೆಕೆಂಡಿಗೆ 22 ಮೀಟರ್ ಹೋಗ್ತೈತಿ ಗಾಡಿ! ಸುರಂಗದ ಬಾಯಾಗ ಒಂದು, ಬ್ರಿಡ್ಜ್ ಹತ್ರ ಒಂದು ಇಟ್ಟು ನಡುವಿನ ಟೈಮ್ ಮ್ಯಾಲೆ ಸರಾಸರಿ ಸ್ಪೀಡ್ ಹಿಡೀರಿ. ಮತ್ತ ಬೋರ್ಡ್ ಕನ್ನಡದಾಗೂ ಬರೀರಿ, ಬೆಂಗಳೂರಿಗೆ ಹೋಗೂ ಹೈವೇನ ಅಲ್ಲೇನ್ರಿ ಇದು.