ನಾಲ್ಕು ದಿನ, ಮೂರು ಊರು, ಒಂದು ಕಾರು

ತೀರ್ಥಹಳ್ಳಿಯ ನಮ್ಮ ಭಾವ ಕಳೆದ ವಾರ ವಾಟ್ಸಾಪಿನಲ್ಲಿ ಒಂದು ಪ್ರವಾಸದ ಪಟ್ಟಿ ಕಳುಹಿಸಿದ್ದರು. ಶನಿವಾರ ಬೆಳಿಗ್ಗೆ ಕಾರಿನಲ್ಲಿ ಹೊರಟು ಬೆಂಗಳೂರು, ಚೆನ್ನೈ, ಕೊಯಮತ್ತೂರು, ಮೈಸೂರು, ಮಂಗಳೂರು ಮುಗಿಸಿಕೊಂಡು ಮಂಗಳವಾರ ರಾತ್ರಿ ಮನೆ ಸೇರುವುದು. ಕೂಡಿಸಿ ನೋಡಿದರೆ ಹತ್ತಿರ ಹತ್ತಿರ 1,800 ಕಿಲೋಮೀಟರ್. "ಭಾವ, ಇದು ಟೂರಲ್ಲ, ಅಡಿಕೆ ಲೋಡು ಇಳಿಸಿ ಬರೋ ಹಾಗಿದೆ" ಎಂದೆ. "ದಿನಕ್ಕೆ 450 ಅಷ್ಟೇ ಮಾರಾಯ, ಆರಾಮಾಗಿ ಹೋಗ್ಬಹುದು" ಎಂದರು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮಂಜಿನಲ್ಲೂ ಮಾತಾಡುತ್ತಲೇ ಇಳಿಸುವವರಿಗೆ ಕಿಲೋಮೀಟರು ಹೆದರಿಕೆ ಹುಟ್ಟಿಸುವುದಿಲ್ಲ. ಆದರೆ ದೊಡ್ಡ ಊರುಗಳ ನಡುವಿನ ಪ್ರಯಾಣದಲ್ಲಿ ಹೊತ್ತು ತಿನ್ನುವುದು ಊರಿನಿಂದ ಊರಿಗಿರುವ ದೂರವಲ್ಲ, ಪ್ರತಿ ಊರಿನ ಒಳಗೆ ಹೋಗುವ ಮತ್ತು ಹೊರಗೆ ಬರುವ ಕೊನೆಯ ಹತ್ತು ಹದಿನೈದು ಕಿಲೋಮೀಟರ್ ಎಂಬುದು ನನ್ನ ಅನುಭವ. ನಾಲ್ಕು ದಿನಕ್ಕೆ ಬೆಂಗಳೂರು, ಮೈಸೂರು, ಮಂಗಳೂರು ಮೂರೇ ಸಾಕು ಎಂಬುದು ನನ್ನ ಲೆಕ್ಕ.

ಎರಡು ವರ್ಷಗಳ ಹಿಂದೆ ನಾವು ಶಿವಮೊಗ್ಗದಿಂದ ಹೊರಟು ಅರಸೀಕೆರೆ, ತಿಪಟೂರು ದಾಟಿ ತುಮಕೂರಿನವರೆಗೆ ಸಲೀಸಾಗಿಯೇ ಹೋಗಿದ್ದೆವು. ಬೆಂಗಳೂರಿನ ಗೊರಗುಂಟೆಪಾಳ್ಯ ತಲುಪುವಾಗ ಸಂಜೆ ಆರು. ಅಲ್ಲಿಂದ ಊರ ನಡುವಿನ ವಸತಿಗೃಹ ಸೇರುವಾಗ ಎಂಟು ಗಂಟೆ ಮೀರಿತ್ತು. ಫೋನಿನಲ್ಲಿ "ಪಾರ್ಕಿಂಗ್ ಇದೆ ಸಾರ್" ಎಂದಿದ್ದವರ ಪಾರ್ಕಿಂಗ್ ಎಂದರೆ ಬಾಗಿಲ ಮುಂದಿನ ನಾಲ್ಕು ಹೂಕುಂಡಗಳ ಜಾಗ. ಹುಡುಗನೊಬ್ಬ ಕುಂಡಗಳನ್ನು ಒಂದೊಂದಾಗಿ ಪಕ್ಕಕ್ಕೆ ಜರುಗಿಸಿ, ನನ್ನ ಕಾರಿನ ಮೂತಿಯನ್ನು ಒಳಗೆ ಹಾಕಿಸಿ, ಹಿಂಭಾಗ ರಸ್ತೆಯಲ್ಲೇ ಉಳಿದದ್ದನ್ನು ನೋಡಿ, ಮತ್ತೆ ಕುಂಡಗಳನ್ನು ಇದ್ದಲ್ಲೇ ಇಟ್ಟ. ಅಮ್ಮ ಆ ಇಡೀ ಹೊತ್ತು ಮಡಿಲಲ್ಲಿ ಕೋಡುಬಳೆ ಡಬ್ಬಿ ಇಟ್ಟುಕೊಂಡು ಕಾರಿನಲ್ಲೇ ಕುಳಿತಿದ್ದರು.

ಆದ್ದರಿಂದ ಈಗ ನಾನು ಬೆಂಗಳೂರಿನ ಒಳಗೆ ಕಾರು ಒಯ್ಯುವುದೇ ಇಲ್ಲ. ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರಿನಿಂದ ತುಮಕೂರು ರಸ್ತೆಯ ಮಾದಾವರದವರೆಗೂ ಬಂದಿದೆ. ನಮ್ಮ ಕಡೆಯಿಂದ ಹೋಗುವವರಿಗೆ ಅದು ಊರಬಾಗಿಲಲ್ಲೇ ಸಿಗುವ ನಿಲ್ದಾಣ. ಆ ರಸ್ತೆಯಲ್ಲೇ ಕಾರು ನಿಲ್ಲಿಸಲು ಸರಿಯಾದ ಜಾಗವಿರುವ ಕೋಣೆ ಹಿಡಿದು, ಮೆಟ್ರೊ ಹತ್ತಿದರೆ ಮೆಜೆಸ್ಟಿಕ್, ಲಾಲ್‌ಬಾಗ್, ಜಯನಗರ ಎಲ್ಲವೂ ಅದೇ ಸಾಲಿನಲ್ಲಿವೆ. ಮರುದಿನ ಮೈಸೂರಿಗೆ ಹೊರಡುವಾಗಲೂ ಊರೊಳಗೆ ನುಗ್ಗಬೇಕಿಲ್ಲ, ಊರ ಹೊರಗಿನ ಖಾಸಗಿ ಟೋಲ್ ರಸ್ತೆಯಾದ ನೈಸ್ ರಸ್ತೆಯಲ್ಲಿ ಸುತ್ತಿಕೊಂಡು ಮೈಸೂರು ರಸ್ತೆ ಸೇರಬಹುದು. (ಫಾಸ್ಟ್ಯಾಗ್ ವಾರ್ಷಿಕ ಪಾಸು ಮಾಡಿಸಿಕೊಂಡವರು ನೆನಪಿಡಬೇಕು, ಅದು ರಾಷ್ಟ್ರೀಯ ಹೆದ್ದಾರಿಗಳ ಟೋಲಿಗೆ ಮಾತ್ರ. ನೈಸ್ ರಸ್ತೆಯಲ್ಲಿ ದುಡ್ಡು ಬೇರೆ ಕೊಡಬೇಕು.)

ಯಾವ ದಿಕ್ಕಿನಿಂದ ಸುತ್ತಬೇಕು ಎಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ, ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಮುಖ್ಯವಾದದ್ದು ಅದೇ. ಶನಿವಾರ ಬೆಳಿಗ್ಗೆ ಬೆಂಗಳೂರಿನವರು ಗುಂಪುಗುಂಪಾಗಿ ಮೈಸೂರು, ಕೊಡಗು, ನಮ್ಮ ಮಲೆನಾಡಿನ ಕಡೆಗೆ ಹೊರಡುತ್ತಾರೆ ಮತ್ತು ಭಾನುವಾರ ಸಂಜೆ ಅಷ್ಟೂ ಜನ ಹಿಂದಿರುಗುತ್ತಾರೆ. ಶನಿವಾರ ನಾವು ಬೆಂಗಳೂರಿಗೆ ಹೋಗಿ, ಭಾನುವಾರ ಮಧ್ಯಾಹ್ನ ಮೈಸೂರಿಗೆ ಹೊರಟರೆ ಎರಡೂ ಸಲ ದಟ್ಟಣೆ ಎದುರಿನ ಬದಿಯಲ್ಲಿರುತ್ತದೆ. ಮಂಗಳೂರನ್ನು ಮೊದಲು ಮಾಡಿ ಬೆಂಗಳೂರನ್ನು ಕೊನೆಗಿಟ್ಟುಕೊಂಡರೆ ಆ ಪ್ರವಾಹದ ನಡುವೆಯೇ ಸಿಕ್ಕಿಬೀಳುವ ಸಂಭವ ಹೆಚ್ಚು. ಇನ್ನೊಂದು ಲಾಭವೂ ಇದೆ: ಭಾನುವಾರ ಸಂಜೆ ಮೈಸೂರು ಅರಮನೆಗೆ ದೀಪ ಹಾಕುತ್ತಾರೆ. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಹತ್ತಿಕೊಳ್ಳುವ ಆ ಕ್ಷಣಕ್ಕೆ ಜನ "ಓ" ಎನ್ನುವುದನ್ನು ಕೇಳಲಿಕ್ಕಾದರೂ ಹೋಗಬೇಕು.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ಸುಮಾರು 118 ಕಿಲೋಮೀಟರ್ ಬೇಗ ಮುಗಿಯುತ್ತದೆ ನಿಜ, ಆದರೆ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ ಮೂರೂ ಬೈಪಾಸಿನ ಆಚೆ ಉಳಿದುಹೋಗಿವೆ. ಒಂದಾದರೂ ಕಡೆ ಹಳೆಯ ರಸ್ತೆಗಿಳಿಯುವಷ್ಟು ಹೊತ್ತನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ನೂರರ ಮಿತಿ ಮೀರಿದರೆ ಕ್ಯಾಮೆರಾ ಬಿಡುವುದಿಲ್ಲವಾದ್ದರಿಂದ ಹಾರಿಸಿಕೊಂಡು ಹೋಗಿ ಹೊತ್ತು ಉಳಿಸುವ ಮಾತೂ ಇಲ್ಲ.

ಸೋಮವಾರ ಮೈಸೂರಿನಿಂದ ಮಂಗಳೂರಿಗೆ ಹೋಗುವ ದಾರಿ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು. 250 ಕಿಲೋಮೀಟರಿಗೆ ಆರು ತಾಸು ಇಟ್ಟುಕೊಳ್ಳಬೇಕು. ಸಂಪಾಜೆಯ ಇಳಿಜಾರನ್ನು ಬೆಳಕಿರುವಾಗಲೇ ದಾಟಬೇಕು. 2018ರ ಆಗಸ್ಟಿನಲ್ಲಿ ಆ ಗುಡ್ಡಗಳು ಹೇಗೆ ಕುಸಿದವು ಎಂಬುದನ್ನು ಕಂಡವರು ಮಳೆಗಾಲದಲ್ಲಿ ಈ ಸುತ್ತಾಟವನ್ನೇ ಇಟ್ಟುಕೊಳ್ಳುವುದಿಲ್ಲ. ನವೆಂಬರಿನಿಂದ ಫೆಬ್ರವರಿಯೊಳಗೆ ಹೊರಟರೆ ವಾಸಿ. ಮಂಗಳವಾರ ಮಂಗಳೂರಿನಲ್ಲಿ ಬೇಗ ಊಟ ಮುಗಿಸಿ, ಉಡುಪಿ, ಹೆಬ್ರಿ ದಾಟಿ ಘಾಟಿಯ ಬುಡದ ಸೋಮೇಶ್ವರಕ್ಕೆ ನಾಲ್ಕು ಗಂಟೆಯೊಳಗೆ ಬಂದರೆ ಆಗುಂಬೆಯ ಮೇಲೆ ಸೂರ್ಯಾಸ್ತವೂ ಸಿಗುತ್ತದೆ.

ಇದನ್ನೆಲ್ಲ ಬರೆದು ಭಾವನಿಗೆ ಕಳುಹಿಸಿದೆ. ಚೆನ್ನೈಯನ್ನು ಅವರು ತಕ್ಷಣವೇ ಬಿಟ್ಟುಕೊಟ್ಟರು. ಕೊಯಮತ್ತೂರಿನ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ಆ ದಾರಿಯ ದಿಂಬಂ ಘಾಟಿಯಲ್ಲಿ ಇಪ್ಪತ್ತೇಳು ತಿರುವುಗಳಿವೆ, ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ ಎಂದರೂ ಕೇಳಲಿಲ್ಲ. ವಿಚಾರಿಸಿದರೆ ನಿಜವಾದ ಕಾರಣ ಗ್ರೈಂಡರು: ಅಕ್ಕ ಕೊಯಮತ್ತೂರಿನದೇ ಬೇಕು ಎಂದಿದ್ದಾಳಂತೆ. ಆ ಗ್ರೈಂಡರು ಶಿವಮೊಗ್ಗದ ಅಂಗಡಿಯಲ್ಲೇ ಸಿಗುತ್ತದೆ ಎಂದು ಅವಳಿಗೆ ಯಾರು ಹೇಳಬೇಕು ಎಂಬುದರ ಮೇಲೆ ಈಗ ಮಾತುಕತೆ ನಿಂತಿದೆ.